ಧ್ವನಿಯು ದೋಷವಾಗುವೆಡೆ: ಆಸ್ಪತ್ರೆಯ ವಾಕ್ಯವನ್ನು ಕುರಿತು ಒಂದು ವಿಮರ್ಶೆ

ಕಾವ್ಯದ ಆತ್ಮವು ಧ್ವನಿಯೆಂದು ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದಲ್ಲಿ ಸ್ಥಾಪಿಸಿದಂದಿನಿಂದ, ವಾಚ್ಯಾರ್ಥದಲ್ಲಿಯೇ ಮುಗಿದುಹೋಗುವ ಮಾತನ್ನು ಸಾಹಿತ್ಯವಿದ್ಯಾರ್ಥಿಗಳು ಒಂದು ಮೆಟ್ಟಿಲು ಕೆಳಗಿಟ್ಟು ನೋಡುವುದು ವಾಡಿಕೆಯಾಗಿದೆ. ಅಧ್ಯಾಪಕರಾದ ನಾವೂ ತರಗತಿಗಳಲ್ಲಿ ಇದನ್ನೇ ಕಲಿಸುತ್ತೇವೆ. ಹೇಳದೆ ಹೇಳಿದ್ದನ್ನು ಕಂಡುಹಿಡಿದ ವಿದ್ಯಾರ್ಥಿಗೆ ಹೆಚ್ಚು ಅಂಕಗಳನ್ನೂ ಕೊಡುತ್ತೇವೆ. ಕಾವ್ಯದ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಧ್ವನಿವಾದಿಗಳು ತಮ್ಮ ಸಿದ್ಧಾಂತವನ್ನು ಲೋಕದ ಸಕಲ ವಚನಗಳಿಗೂ ವಿಧಿಸಿದವರಲ್ಲವೆಂಬುದನ್ನು ಮರೆಯಲಾಗದು. ಧ್ವನಿಗೆ ಸಹೃದಯನು ಬೇಕು. ಸಹೃದಯನಿಗೆ ವಿರಾಮವು ಬೇಕು. ಇವೆರಡೂ ದೊರೆಯದ ಸ್ಥಳದಲ್ಲಿ, ವ್ಯಂಗ್ಯಾರ್ಥವನ್ನೇ ನಂಬಿ ಆಡಿದ ಮಾತಿಗೆ ಏನು ಗತಿಯಾಗುತ್ತದೆಂಬುದನ್ನು ನಮ್ಮ ಆಲಂಕಾರಿಕರು ವಿಚಾರಿಸಲಿಲ್ಲ. ವಿಚಾರಿಸಬೇಕಾದ ಪ್ರಸಂಗವೂ ಅವರಿಗೆ ಒದಗಿರಲಿಲ್ಲ.

ಆ ಪ್ರಸಂಗವು ಈಗ ಒದಗಿದೆ. ಒಬ್ಬ ರೋಗಿಯ ಪ್ರಾಣವು ಇಂದು ಒಬ್ಬ ವೈದ್ಯನ ಕೈಯಲ್ಲಿಲ್ಲ. ಹತ್ತಾರು ಜನರ ಕೈಯಿಂದ ಕೈಗೆ ಅದು ಸಾಗುತ್ತಿರುತ್ತದೆ. ಬೆಳಗಿನ ಪಾಳಿಯವರು ಮಧ್ಯಾಹ್ನದವರಿಗೆ, ದಾದಿಯು ವೈದ್ಯನಿಗೆ, ಕಿರಿಯ ವೈದ್ಯನು ಹಿರಿಯನಿಗೆ, ಶಸ್ತ್ರಕ್ರಿಯೆಯ ಕೊಠಡಿಯವರು ತೀವ್ರನಿಗಾ ಘಟಕದವರಿಗೆ ರೋಗಿಯನ್ನು ಒಪ್ಪಿಸುತ್ತಾರೆ. ಹೀಗೆ ಒಪ್ಪಿಸುವಾಗ ರೋಗಿಯೊಡನೆ ಒಂದು ವಾಕ್ಯವೂ ಹೋಗಬೇಕು. ಆ ವಾಕ್ಯವು ಕೆಟ್ಟರೆ ಔಷಧವು ಒಳ್ಳೆಯದಾಗಿದ್ದೂ ಫಲವಿಲ್ಲ. ಅಮೆರಿಕದ ವೈದ್ಯವಿದ್ಯಾಸಂಸ್ಥೆಯೊಂದು ೧೯೯೯ರಲ್ಲಿ ಹೊರಡಿಸಿದ ವರದಿಯು, ಆ ದೇಶದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ತಪ್ಪುಗಳಿಂದಲೇ ವರ್ಷಕ್ಕೆ ೪೪,೦೦೦ದಿಂದ ೯೮,೦೦೦ದವರೆಗೆ ಜನರು ಸಾಯುತ್ತಿರಬಹುದೆಂದು ಅಂದಾಜುಮಾಡಿತು. ಈ ಅಂದಾಜಿನ ಲೆಕ್ಕದ ಬಗೆಗೆ ಆಮೇಲೆ ವಾದವಿವಾದಗಳು ನಡೆದವು. ಅದು ಹೇಗಾದರೂ ಇರಲಿ, ತಪ್ಪುಗಳ ಬೇರುಗಳನ್ನು ಹುಡುಕಿಕೊಂಡು ಹೋದವರಿಗೆ ಪದೇ ಪದೇ ಎದುರಾದದ್ದು ಹೇಳದೆ ಉಳಿದ ಮಾತು, ಇಲ್ಲವೆ ಹೇಳಿದರೂ ಕೇಳಿಸದ ಮಾತು. ಅಂದಿನಿಂದ ವೈದ್ಯರು ತಮ್ಮ ಮಾತಿಗೆ ಗೊತ್ತಾದ ಆಕೃತಿಗಳನ್ನು ಕಟ್ಟಿಕೊಂಡು ಬಂದಿದ್ದಾರೆ. ಆ ಆಕೃತಿಗಳ ಗುಣದೋಷಗಳನ್ನು ವೈದ್ಯರು ಸಾವುನೋವುಗಳನ್ನು ಎಣಿಸಿ ನಿರ್ಣಯಿಸಿದ್ದಾರೆ. ಅವುಗಳನ್ನು ವಾಕ್ಯಗಳೆಂದು ಭಾವಿಸಿ, ನಮ್ಮ ವಾಕ್ಯಮೀಮಾಂಸೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ೨೦೦೫ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ, ೩೭ ವರ್ಷ ವಯಸ್ಸಿನ ಆರೋಗ್ಯವಂತಳಾದ ಒಬ್ಬ ಗೃಹಿಣಿಯು ಮೂಗಿನ ಸಾಮಾನ್ಯವಾದೊಂದು ಶಸ್ತ್ರಕ್ರಿಯೆಗಾಗಿ ಆಸ್ಪತ್ರೆಯನ್ನು ಸೇರಿದಳು. ಅರಿವಳಿಕೆಯನ್ನು ಕೊಟ್ಟ ಮೇಲೆ ಶ್ವಾಸನಾಳಕ್ಕೆ ಕೊಳವೆಯನ್ನು ಇಳಿಸುವುದು ಸಾಧ್ಯವಾಗಲಿಲ್ಲ. ಬೇರೆ ವಿಧದಿಂದ ಉಸಿರನ್ನು ಊಡುವುದೂ ಆಗಲಿಲ್ಲ. ಇಂತಹ ಸಂದರ್ಭದಲ್ಲಿ ಕತ್ತಿನ ಮುಂಭಾಗದಲ್ಲಿ ರಂಧ್ರವನ್ನು ಮಾಡಿ ಶ್ವಾಸಕ್ಕೆ ದಾರಿಯನ್ನು ತೆರೆಯಬೇಕೆಂಬುದು ಆ ಶಾಸ್ತ್ರದಲ್ಲಿ ಸರ್ವಸಮ್ಮತವಾದ ನಿಯಮ. ಅಲ್ಲಿದ್ದ ಮೂವರು ಅನುಭವಸ್ಥ ವೈದ್ಯರೂ ಕೊಳವೆಯನ್ನು ಇಳಿಸುವ ಪ್ರಯತ್ನದಲ್ಲಿಯೇ ಮುಳುಗಿಹೋದರು. ಕಾಲವು ಹೋದದ್ದು ಅವರಿಗೆ ತಿಳಿಯಲಿಲ್ಲ; ರಕ್ತದ ಆಮ್ಲಜನಕವು ಸುಮಾರು ೨೦ ನಿಮಿಷಗಳ ಕಾಲ ಅಪಾಯದ ಮಟ್ಟಕ್ಕಿಂತ ಬಹಳ ಕೆಳಗಿತ್ತು. ಒಬ್ಬ ದಾದಿಯು ಕತ್ತಿನಲ್ಲಿ ರಂಧ್ರಮಾಡುವ ಸಲಕರಣೆಗಳನ್ನು ತಂದು, ಅವು ಸಿದ್ಧವಾಗಿವೆಯೆಂದು ತಿಳಿಸಿದಳು. ಯಾರೂ ಉತ್ತರಕೊಡಲಿಲ್ಲ. ಇನ್ನೊಬ್ಬಳು ತೀವ್ರನಿಗಾ ಘಟಕದಲ್ಲಿ ಹಾಸಿಗೆಯನ್ನು ಗೊತ್ತುಮಾಡಿ ಬಂದು ಹೇಳಿದಳು. ಅತಿಯಾಗಿ ಗಾಬರಿಗೊಂಡವಳನ್ನು ನೋಡುವಂತೆ ವೈದ್ಯರು ಅವಳನ್ನು ನೋಡಿದರಾದ್ದರಿಂದ, ಹಾಸಿಗೆಯು ಬೇಡವೆಂದು ತಿಳಿಸಿಬಿಟ್ಟಳು. ರೋಗಿಗೆ ಮತ್ತೆ ಪ್ರಜ್ಞೆಯು ಬರಲಿಲ್ಲ. ಕೆಲವು ದಿನಗಳ ಮೇಲೆ ತೀರಿಕೊಂಡಳು. ಆಕೆಯ ಪತಿಯು ವಿಮಾನಚಾಲಕ. ತನ್ನ ವೃತ್ತಿಯಲ್ಲಿ ಅಪಘಾತವಾದಾಗ ನಡೆಯುವಂತಹ ವಿಚಾರಣೆಯು ಇಲ್ಲಿಯೂ ನಡೆಯಬೇಕೆಂದು ಆತನು ಪಟ್ಟುಹಿಡಿದುದರಿಂದಲೇ ಈ ವಿವರಗಳು ಲೋಕಕ್ಕೆ ತಿಳಿದವು. ಆಗಬೇಕಾದುದೇನೆಂಬುದು ದಾದಿಯರಿಗೆ ಗೊತ್ತಿತ್ತು, ಅದನ್ನು ಹೇಗೆ ಹೇಳಬೇಕೆಂಬುದು ಗೊತ್ತಿರಲಿಲ್ಲವೆಂಬುದು ಆ ವಿಚಾರಣೆಯಿಂದ ಹೊರಬಿದ್ದ ಸಂಗತಿ.

‘ಸಲಕರಣೆಗಳು ಸಿದ್ಧವಾಗಿವೆ’ ಎಂಬ ಮಾತನ್ನು ನಾವು ಪರಿಶೀಲಿಸಬೇಕು. ವ್ಯಾಕರಣದ ದೃಷ್ಟಿಯಿಂದ ಇದು ನಿರ್ದುಷ್ಟವಾದ ವಾಕ್ಯ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಮೂರೂ ಇವೆ. ವಾಚ್ಯಾರ್ಥವು ಒಂದು ವಸ್ತುಸ್ಥಿತಿಯ ಕಥನ. ವ್ಯಂಗ್ಯಾರ್ಥವಾದರೋ ‘ಕೊಳವೆಯ ಪ್ರಯತ್ನವನ್ನು ಬಿಡಿ, ಈಗಲೇ ಕತ್ತಿನಲ್ಲಿ ದಾರಿಯನ್ನು ತೆರೆಯಿರಿ’ ಎಂಬುದು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ, ಸಿದ್ಧಾರ್ಥವಾಕ್ಯದ ವೇಷವನ್ನು ಹಾಕಿಕೊಂಡು ಬಂದ ವಿಧಿವಾಕ್ಯವಿದು. ಹೊತ್ತು ಮುಳುಗಿತೆಂಬ ಒಂದೇ ಮಾತು ಕೇಳುವವನಿಗೆ ತಕ್ಕಂತೆ ಸಂಧ್ಯಾವಂದನೆಯ ಕಾಲವನ್ನೂ, ದನಗಳನ್ನು ಕೊಟ್ಟಿಗೆಗೆ ಸೇರಿಸುವ ಹೊತ್ತನ್ನೂ, ಅಭಿಸಾರಿಕೆಗೆ ಹೊರಡುವ ಸಮಯವನ್ನೂ ಸೂಚಿಸುತ್ತದೆಂದು ಮಮ್ಮಟನೇ ಮೊದಲಾದವರು ವಿವರಿಸಿರುವುದಷ್ಟೆ. ಅಲ್ಲಿ ಈ ಬಹುತ್ವವು ಚಮತ್ಕಾರ. ಇಲ್ಲಿ ಅದೇ ಬಹುತ್ವವು ಒಂದು ಜೀವದ ನಾಶಕ್ಕೆ ದಾರಿಯಾಯಿತು. ಆ ಮಾತನ್ನು ಕೇಳಿದ ವೈದ್ಯರಿಗೆ ಅದು ಉಪಕರಣಗಳ ಪಟ್ಟಿಯಲ್ಲಿ ಒಂದು ಅಂಶವಾಗಿ ಕೇಳಿಸಿರಬಹುದು, ಅಥವಾ ಕೇಳಿಸದೆಯೇ ಇದ್ದಿರಬಹುದು. ವಕ್ತೃ, ಬೋದ್ಧವ್ಯ, ದೇಶ, ಕಾಲಗಳ ವಿಶೇಷದಿಂದ ವ್ಯಂಗ್ಯವು ಸ್ಫುರಿಸುತ್ತದೆಂದು ಆಲಂಕಾರಿಕರು ಹೇಳುತ್ತಾರೆ. ಅದೇ ವಕ್ತೃವಿಶೇಷದಿಂದ, ಎಂದರೆ ಹೇಳುವವಳು ದಾದಿಯೆಂಬ ಕಾರಣದಿಂದ, ವ್ಯಂಗ್ಯವು ಅಡಗಿಯೂ ಹೋಗಬಹುದೆಂಬುದನ್ನು ನಾವು ಆ ಪಟ್ಟಿಗೆ ಸೇರಿಸಿಕೊಳ್ಳಬೇಕಾಗಿದೆ.

ದಾದಿಯು ವಾಚ್ಯವನ್ನು ಬಿಟ್ಟು ವ್ಯಂಗ್ಯವನ್ನು ಹಿಡಿದದ್ದೇಕೆ? ರಸಿಕತೆಯಿಂದಲ್ಲವೆಂಬುದು ಸ್ಪಷ್ಟ. ವ್ಯಂಗ್ಯವು ಕೆಳಗಿನವರ ರಕ್ಷಾಕವಚ. ಮಾತು ತಪ್ಪಾದರೆ ‘ನಾನು ಹಾಗೆ ಹೇಳಲಿಲ್ಲ’ ಎನ್ನಬಹುದು. ಸರಿಯಾದರೆ ಮೇಲಿನವರೇ ಯೋಚಿಸಿದಂತೆ ಆಗುತ್ತದೆ. ವಿಮಾನಯಾನದ ಅನುಭವವು ಇದಕ್ಕೆ ಸಾಕ್ಷಿಯಾಗಿದೆ. ೧೯೭೭ರ ಮಾರ್ಚ್ ೨೭ರಂದು ಟೆನೆರೀಫ್ ದ್ವೀಪದ ನಿಲ್ದಾಣದಲ್ಲಿ ಮಂಜು ಕವಿದಿದ್ದಾಗ ಎರಡು ದೊಡ್ಡ ವಿಮಾನಗಳು ಓಟದ ಹಾದಿಯಲ್ಲಿಯೇ ಡಿಕ್ಕಿಹೊಡೆದು ೫೮೩ ಜನರು ಮಡಿದರು. ಹೊರಟ ವಿಮಾನದೊಳಗಿದ್ದ ಯಂತ್ರಾಧಿಕಾರಿಯು, ಎದುರಿನ ವಿಮಾನವು ಹಾದಿಯನ್ನು ಇನ್ನೂ ಬಿಟ್ಟಿಲ್ಲವೇ ಎಂದು ಪ್ರಶ್ನೆಯ ರೂಪದಲ್ಲಿ ಕೇಳಿದ್ದನು. ಮುಖ್ಯ ಚಾಲಕನು ಆ ಸಂಸ್ಥೆಯಲ್ಲಿ ಅತಿ ಹಿರಿಯ ಶಿಕ್ಷಕ. ಬಿಟ್ಟಿದೆಯೆಂದು ಒತ್ತಿ ಹೇಳಿ ಮುಂದುವರಿದನು. ಆ ಪ್ರಶ್ನೆಯೂ ಪ್ರಶ್ನೆಯಲ್ಲ, ‘ನಿಲ್ಲಿಸಿ’ ಎಂಬ ವಿಧಿ. ಭಾಷಾವಿಜ್ಞಾನಿಯಾದ ಷಾರ್ಲಟ್ ಲಿಂಡೆ ಎಂಬಾಕೆ ಅಪಘಾತಕ್ಕೀಡಾದ ವಿಮಾನಗಳಲ್ಲಿ ದಾಖಲಾದ ಸಂಭಾಷಣೆಗಳನ್ನು ಪರೀಕ್ಷಿಸಿ ೧೯೮೮ರಲ್ಲಿ ಪ್ರಕಟಿಸಿದ ಪ್ರಬಂಧವು ಈ ವಿಷಯದಲ್ಲಿ ಬಹು ಮುಖ್ಯವಾದುದು. ಕೆಳಗಿನವರು ಮೇಲಿನವರೊಡನೆ ಆಡುವ ಮಾತು ಹೆಚ್ಚು ಮೆದುವಾಗಿರುತ್ತದೆ; ಮೆದುಮಾಡಿದ ಮಾತು ನೆಟ್ಟಗಿನ ಮಾತಿಗಿಂತ ಹೆಚ್ಚಾಗಿ ನಿಷ್ಫಲವಾಗುತ್ತದೆ; ಇವು ಆಕೆಯ ತೀರ್ಮಾನಗಳು. ಕಾವ್ಯಶಾಸ್ತ್ರವನ್ನು ಬಲ್ಲವರಿಗೆ ಇದು ಧ್ವನಿಯ ವಿರುದ್ಧ ದಾಖಲಾದ ಮೊದಲನೆಯ ಅಂಕಿಅಂಶಗಳಂತೆ ಕಂಡರೆ ಆಶ್ಚರ್ಯವಿಲ್ಲ.

ಇನ್ನು ಆಕೃತಿಗಳಿಗೆ ಬರೋಣ. ಅವುಗಳಲ್ಲಿ ಪ್ರಸಿದ್ಧವಾದುದು ‘ಎಸ್‌ಬಾರ್’ ಎಂಬುದು. ಅಮೆರಿಕದ ನೌಕಾಪಡೆಯ ಅಣುಶಕ್ತಿಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ವರದಿಯ ಕ್ರಮವನ್ನು ಕೈಸರ್ ಪರ್ಮನೆಂಟೆ ಎಂಬ ಆರೋಗ್ಯಸಂಸ್ಥೆಯ ಮೈಕೇಲ್ ಲೆನರ್ಡ್, ಡಗ್ ಬೊನಾಕಮ್, ಸೂಸನ್ ಗ್ರಹಾಮ್ ಎಂಬವರು ಈ ಶತಮಾನದ ಆದಿಯಲ್ಲಿ ಆಸ್ಪತ್ರೆಗೆ ಹೊಂದಿಸಿಕೊಂಡರು. ೨೦೦೪ರಲ್ಲಿ ಅವರು ಬರೆದ ಲೇಖನದಿಂದ ಅದು ಎಲ್ಲೆಡೆಗೂ ಹರಡಿತು. ಅದಕ್ಕೆ ನಾಲ್ಕು ಅಂಗಗಳಿವೆ. ಈಗಿನ ಸ್ಥಿತಿಯೇನು, ಅದರ ಪೂರ್ವವೃತ್ತವೇನು, ಹೇಳುವವರ ಅಭಿಪ್ರಾಯವೇನು, ಆಗಬೇಕಾದುದೇನು ಎಂಬೀ ನಾಲ್ಕನ್ನು ಇದೇ ಕ್ರಮದಲ್ಲಿ, ಸಾಧ್ಯವಾದಷ್ಟು ಕಡಮೆ ಮಾತಿನಲ್ಲಿ, ಹೇಳಿಬಿಡಬೇಕು. ಒಂದು ರಾತ್ರಿ ದಾದಿಯು ವೈದ್ಯನಿಗೆ ದೂರವಾಣಿಯಲ್ಲಿ ಹೀಗೆ ಹೇಳುತ್ತಾಳೆಂದು ಕಲ್ಪಿಸಿಕೊಳ್ಳೋಣ: ‘ಸಾರ್, ಹತ್ತನೆಯ ಹಾಸಿಗೆಯವರಿಗೆ ಉಸಿರಾಟ ಸ್ವಲ್ಪ ಕಷ್ಟವಾಗಿರುವ ಹಾಗಿದೆ. ಮೊನ್ನೆ ಸೊಂಟದ ಕೀಲಿಗೆ ಆಪರೇಷನ್ ಆದವರು. ಜ್ವರವೇನೂ ಇಲ್ಲ. ತಮಗೆ ಒಂದು ಮಾತು ತಿಳಿಸೋಣವೆಂದು…’ ಇದಕ್ಕೆ ದೊರೆಯಬಹುದಾದ ಉತ್ತರ, ‘ಆಗಲಿ, ನೋಡಿಕೊಳ್ಳುತ್ತಿರಿ.’ ಅದೇ ಸಂಗತಿಯು ಆಕೃತಿಗೆ ಸೇರಿದಾಗ ಹೀಗಾಗುತ್ತದೆ: ‘ಹತ್ತನೆಯ ಹಾಸಿಗೆಯವರ ಉಸಿರಾಟ ನಿಮಿಷಕ್ಕೆ ೩೨ಕ್ಕೆ ಏರಿದೆ, ರಕ್ತದ ಆಮ್ಲಜನಕ ನೂರಕ್ಕೆ ೮೬ಕ್ಕೆ ಇಳಿದಿದೆ. ಮೊನ್ನೆ ಸೊಂಟದ ಕೀಲಿಗೆ ಆಪರೇಷನ್ ಆಗಿದೆ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದೆಂದು ನನ್ನ ಶಂಕೆ. ತಾವು ಈಗಲೇ ಬಂದು ನೋಡಬೇಕು.’ ಮೊದಲನೆಯದರಲ್ಲಿ ಸತ್ಯವಲ್ಲದ ಮಾತು ಒಂದೂ ಇಲ್ಲ; ಆದರೂ ಎರಡನೆಯದೇ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸುವಂಥದು.

ಈ ಎರಡನೆಯ ವಾಕ್ಯದ ಗುಣವೆಲ್ಲಿದೆ? ಸಾಮಾನ್ಯವಾಗಿ ಕೊಡುವ ಉತ್ತರ, ಕ್ರಮದಲ್ಲಿದೆ ಎಂಬುದು. ಇದನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಕ್ರಮವು ನಮಗೆ ಹೊಸದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಶಾಸನಾಧಿಕಾರವೆಂಬ ಪ್ರಕರಣದಲ್ಲಿ ಲೇಖಕ್ಕೆ ಆರು ಸಂಪತ್ತುಗಳನ್ನು ಎಣಿಸುತ್ತಾನೆ: ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ. ಇವುಗಳಲ್ಲಿ ಅರ್ಥಕ್ರಮವೆಂದರೆ ಪ್ರಧಾನವಾದ ಅರ್ಥವನ್ನು ಮೊದಲು ಇಡುವುದು. ಪರಿಪೂರ್ಣತೆಯೆಂದರೆ ಅರ್ಥದಲ್ಲಾಗಲಿ ಪದದಲ್ಲಾಗಲಿ ಅಕ್ಷರದಲ್ಲಾಗಲಿ ಹೆಚ್ಚು ಕಡಮೆಯಿಲ್ಲದಿರುವುದು. ಸ್ಪಷ್ಟತ್ವವೆಂದರೆ ಎಲ್ಲರಿಗೂ ಗೊತ್ತಿರುವ ಶಬ್ದಗಳನ್ನು ಬಳಸುವುದು. ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಈ ಗ್ರಂಥವನ್ನು ಬೆಳಕಿಗೆ ತಂದಾಗ, ರಾಜನೀತಿಯ ಆಸಕ್ತಿಯಿಂದ ಅದನ್ನು ಓದಿದವರು ಈ ಪುಟ್ಟ ಪ್ರಕರಣಕ್ಕೆ ಸಾಕಷ್ಟು ಗಮನವನ್ನು ಕೊಟ್ಟಂತೆ ಕಾಣದು. ಮಾಧುರ್ಯ ಔದಾರ್ಯಗಳನ್ನು ಬಿಟ್ಟರೆ ಉಳಿದ ನಾಲ್ಕೂ ಜಲಾಂತರ್ಗಾಮಿಯ ವರದಿಗೆ ಸಲ್ಲುತ್ತವೆ. ಆದರೆ ಒಂದು ಭೇದವಿದೆ. ಕೌಟಿಲ್ಯನ ಶಾಸನವು ರಾಜನಿಂದ ಹೊರಟು ಕೆಳಕ್ಕೆ ಇಳಿಯುವ ಮಾತು. ಆಜ್ಞೆಯಲ್ಲಿ ಸ್ಪಷ್ಟತೆಯನ್ನು ಸಾಧಿಸುವುದು ದೊಡ್ಡ ಸಾಹಸವಲ್ಲ. ರಾಜನಿಗೆ ವ್ಯಂಗ್ಯವನ್ನು ಆಶ್ರಯಿಸಬೇಕಾದ ಭಯವೇನು? ಆಸ್ಪತ್ರೆಯ ವಾಕ್ಯವು ಕೆಳಗಿನಿಂದ ಮೇಲಕ್ಕೆ ಏರಬೇಕಾದದ್ದು. ಅಲ್ಲಿಯೇ ಅದರ ಕಷ್ಟವೂ ಇದೆ.

ಆದಕಾರಣ ಈ ಆಕೃತಿಯ ಪ್ರಾಣವು ನಾಲ್ಕನೆಯ ಅಂಗದಲ್ಲಿದೆಯೆಂದು ನಮ್ಮ ಅಭಿಪ್ರಾಯ. ಮೊದಲ ಮೂರು ಅಂಗಗಳು ಸಿದ್ಧಾರ್ಥವನ್ನು ಹೇಳುತ್ತವೆ, ನಾಲ್ಕನೆಯದು ವಿಧಿಸುತ್ತದೆ. ಕೇಳುವವನನ್ನು ಕ್ರಿಯೆಗೆ ಹಚ್ಚುವ ವ್ಯಾಪಾರಕ್ಕೆ ಮೀಮಾಂಸಕರು ಶಾಬ್ದೀಭಾವನೆಯೆಂದು ಹೆಸರಿಟ್ಟು, ಅದು ವಿಧಿಪ್ರತ್ಯಯದಲ್ಲಿಯೇ ನೆಲಸಿದೆಯೆಂದು ವಾದಿಸಿದರು. ಸಂಗತಿಗಳನ್ನೆಲ್ಲ ಸರಿಯಾಗಿ ಜೋಡಿಸಿ ಹೇಳಿ ವಿಧಿಪ್ರತ್ಯಯವೊಂದನ್ನು ಬಿಟ್ಟರೆ, ಪ್ರವೃತ್ತಿಯು ಹುಟ್ಟುವುದಿಲ್ಲ. ದಾದಿಯು ‘ಬಂದು ನೋಡಬೇಕು’ ಎನ್ನುವುದನ್ನು ಧಾರ್ಷ್ಟ್ಯವೆಂದು ಎಣಿಸುವ ವ್ಯವಸ್ಥೆಯಲ್ಲಿ, ಹಾಗೆ ಹೇಳಲೇಬೇಕೆಂದು ಒಂದು ಕಾಗದದ ಮೇಲೆ ಜಾಗವನ್ನು ಬಿಟ್ಟಿರುವುದೇ ಈ ಆಕೃತಿಯ ದೊಡ್ಡ ಉಪಕಾರ. ಈಗ ಅವಳು ಸ್ವಂತ ಧೈರ್ಯದಿಂದ ವಿಧಿಸುತ್ತಿಲ್ಲ. ನಿಯಮವು ಅವಳಿಂದ ವಿಧಿಸುತ್ತಿದೆ. ದೂತರಲ್ಲಿ ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರರೆಂದು ಮೂರು ವಿಧಗಳನ್ನು ಕೌಟಿಲ್ಯನೇ ಹೇಳಿದ್ದಾನೆ. ಬರಿಯ ಓಲೆಯನ್ನು ಒಯ್ಯುವ ಶಾಸನಹರನ ಸ್ಥಾನದಲ್ಲಿ ಬಹುಕಾಲ ನಿಂತಿದ್ದ ಪರಿಚಾರಿಕೆಯನ್ನು, ತಾನೇ ವಿವೇಚಿಸಿ ಮಾತನಾಡಬಲ್ಲ ನಿಸೃಷ್ಟಾರ್ಥನ ಕಡೆಗೆ ಈ ಆಕೃತಿಯು ಒಂದೆರಡು ಹೆಜ್ಜೆ ನಡೆಸುತ್ತದೆ. ಮೂರನೆಯ ಅಂಗದಲ್ಲಿ ಅವಳ ಅಭಿಪ್ರಾಯವನ್ನು ಕೇಳಿರುವುದೂ ಇದೇ ಜಾತಿಯ ಮಾತು.

ನಮ್ಮ ಪ್ರಾಚೀನ ವೈದ್ಯಶಾಸ್ತ್ರವು ಈ ಪ್ರಶ್ನೆಯನ್ನು ಹೇಗೆ ಕಂಡಿತೆಂಬುದನ್ನು ಇಲ್ಲಿ ನೋಡುವುದು ಅಪ್ರಾಸಂಗಿಕವಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ದ್ರವ್ಯ, ಪರಿಚಾರಕ, ರೋಗಿ. ಚಿಕಿತ್ಸೆಯು ಒಬ್ಬನ ಕೆಲಸವಲ್ಲ, ಕೂಟದ ಕೆಲಸವೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ಪರಿಚಾರಕನ ಗುಣಗಳು ಯಾವುವೆಂದರೆ, ಉಪಚಾರದ ಅರಿವು, ದಕ್ಷತೆ, ಒಡೆಯನಲ್ಲಿ ಅನುರಾಗ, ಶುಚಿತ್ವ. ರೋಗಿಯ ಗುಣಗಳು ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭಯತೆ, ರೋಗವನ್ನು ತಿಳಿಸಿಹೇಳುವ ಶಕ್ತಿ. ತಿಳಿಸಿಹೇಳುವ ಶಕ್ತಿಯನ್ನು ರೋಗಿಗೆ ಕೊಟ್ಟಿರುವ ಶಾಸ್ತ್ರಕಾರನು ಪರಿಚಾರಕನಿಗೆ ಅದನ್ನು ಕೊಟ್ಟಿಲ್ಲ. ಅವನ ಪಾಲಿಗೆ ಬಂದದ್ದು ಅನುರಾಗ. ನಿರ್ಭಯತೆಯೂ ರೋಗಿಗೇ ಸೇರಿದೆ. ರೋಗಿಯು ತಾನೇ ವೈದ್ಯನೊಡನೆ ಮಾತನಾಡಬಲ್ಲವನಾಗಿದ್ದ ಕಾಲಕ್ಕೆ ಇದು ಸಾಕಾಗಿದ್ದಿರಬೇಕು. ಅರಿವಳಿಕೆಯಿಂದ ಮಲಗಿದವನ, ಕೃತಕ ಶ್ವಾಸದಲ್ಲಿರುವವನ ಜ್ಞಾಪಕತ್ವವು ಈಗ ಯಾರಿಗೆ ಸಲ್ಲಬೇಕು? ಪರಿಚಾರಕನಿಗೆ ಸಲ್ಲಬೇಕೆಂಬುದರಲ್ಲಿ ಸಂದೇಹವಿಲ್ಲ. ಆ ಗುಣದೊಡನೆ ಅದರ ಒಡಹುಟ್ಟಾದ ನಿರ್ಭಯತೆಯೂ ಸಲ್ಲಬೇಕು.

ಮಾತಿನ ಮೂರು ಭಂಗಿಗಳನ್ನು ಮಮ್ಮಟನು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತವೆಂದು ವಿಂಗಡಿಸಿದ್ದಾನಷ್ಟೆ. ವೈದ್ಯನು ದಾದಿಯೊಡನೆ ಪ್ರಭುವಿನಂತೆ ಮಾತನಾಡುತ್ತಾನೆ; ದಾದಿಯು ವೈದ್ಯನೊಡನೆ ಕಾಂತೆಯಂತೆ, ಎಂದರೆ ಒಲಿಸಿಕೊಂಡು, ಪರೋಕ್ಷವಾಗಿ, ತನ್ನ ಮಾತನ್ನು ಅವನದೇ ಮಾತೆಂದು ತೋರುವಂತೆ ಮಾತನಾಡಬೇಕಾಗಿದೆ. ಆಕೃತಿಯು ಇಬ್ಬರನ್ನೂ ಸುಹೃತ್ಸಮ್ಮಿತಕ್ಕೆ ತರಲು ಯತ್ನಿಸುತ್ತದೆ.

ಹೇಳುವವರ ಕಡೆಯದು ಇಷ್ಟಾಯಿತು. ಕೇಳುವವರ ಕಡೆಗೂ ಒಂದು ಕರ್ತವ್ಯವನ್ನು ಇಟ್ಟಿರುವ ಆಕೃತಿಯು ‘ಐ-ಪಾಸ್’ ಎಂಬುದು. ಪಾಳಿಯು ಬದಲಾಗುವಾಗ ಕಿರಿಯ ವೈದ್ಯರು ರೋಗಿಗಳನ್ನು ಒಪ್ಪಿಸುವುದಕ್ಕಾಗಿ ಇದನ್ನು ರಚಿಸಿದರು. ರೋಗದ ತೀವ್ರತೆ, ರೋಗಿಯ ಸಂಗ್ರಹವೃತ್ತಾಂತ, ಮಾಡಬೇಕಾದ ಕೆಲಸಗಳು, ಮುಂದೆ ಆಗಬಹುದಾದುದಕ್ಕೆ ಸಿದ್ಧತೆ, ಇವು ನಾಲ್ಕನ್ನು ಒಪ್ಪಿಸುವವನು ಹೇಳಬೇಕು. ಐದನೆಯದನ್ನು ಒಪ್ಪಿಸಿಕೊಳ್ಳುವವನು ಹೇಳಬೇಕು, ಎಂದರೆ ತಾನು ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಪುನರುಕ್ತವನ್ನು ಕೌಟಿಲ್ಯನು ಲೇಖದೋಷಗಳಲ್ಲಿ ಸೇರಿಸಿದ್ದಾನೆ. ಆದರೆ ಗೌತಮನ ನ್ಯಾಯಸೂತ್ರವು ಪುನರುಕ್ತಕ್ಕೂ ಅನುವಾದಕ್ಕೂ ಭೇದವನ್ನು ಕಾಣಿಸಿ, ಪ್ರಯೋಜನವಿದ್ದು ತಿರುಗಿ ಹೇಳುವುದು ದೋಷವಲ್ಲವೆನ್ನುತ್ತದೆ. ಇಲ್ಲಿ ಪ್ರಯೋಜನವು ಎದ್ದು ಕಾಣುವಂತಿದೆ: ಹೇಳಿದ್ದು ಮತ್ತು ಕೇಳಿಸಿದ್ದು ಬೇರೆಯಾಗಿದ್ದರೆ ಅಲ್ಲಿಯೇ ಹೊರಬೀಳುತ್ತದೆ. ಉತ್ತರ ಅಮೆರಿಕದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ, ೧೦,೭೪೦ ರೋಗಿಪ್ರವೇಶಗಳನ್ನು ಪರೀಕ್ಷಿಸಿ ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಕ್ರಮವನ್ನು ತಂದ ಮೇಲೆ ವೈದ್ಯಕೀಯ ತಪ್ಪುಗಳು ನೂರಕ್ಕೆ ೨೩ರಷ್ಟೂ, ತಡೆಯಬಹುದಾಗಿದ್ದ ಹಾನಿಗಳು ನೂರಕ್ಕೆ ೩೦ರಷ್ಟೂ ಇಳಿದುವೆಂದು ತಿಳಿಸಿತು. ಇದರ ಜೊತೆಗೆ ಶಿಕ್ಷಣವೂ, ಮೇಲಿನವರ ಪರಿವೀಕ್ಷಣೆಯೂ ನಡೆದಿತ್ತೆಂಬುದನ್ನು ಗಮನಿಸಬೇಕು. ಫಲವೆಲ್ಲವೂ ಐದು ಅಂಗಗಳಿಗೇ ಸಲ್ಲುವುದಿಲ್ಲ.

ಈ ಕೊನೆಯ ಮಾತು ಎಷ್ಟು ಮುಖ್ಯವೆಂಬುದು ಶಸ್ತ್ರಕ್ರಿಯೆಯ ತಾಳೆಪಟ್ಟಿಯ ಚರಿತ್ರೆಯಿಂದ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೮ರಲ್ಲಿ ಹೊರಡಿಸಿದ ಈ ಪಟ್ಟಿಯಲ್ಲಿ ೧೯ ಅಂಶಗಳಿವೆ. ಅರಿವಳಿಕೆಗೆ ಮೊದಲು, ಚರ್ಮವನ್ನು ಕೊಯ್ಯುವುದಕ್ಕೆ ಮೊದಲು, ರೋಗಿಯು ಕೊಠಡಿಯನ್ನು ಬಿಡುವುದಕ್ಕೆ ಮೊದಲು, ಹೀಗೆ ಮೂರು ಸಲ ಎಲ್ಲರೂ ಕೈಯನ್ನು ನಿಲ್ಲಿಸಿ ಮಾತನಾಡಬೇಕು. ಅಲ್ಲಿರುವವರೆಲ್ಲರೂ ತಮ್ಮ ಹೆಸರನ್ನೂ ಕೆಲಸವನ್ನೂ ಬಾಯಿಬಿಟ್ಟು ಹೇಳಬೇಕೆಂಬುದು ಅದರಲ್ಲಿನ ಒಂದು ಅಂಶ. ಒಮ್ಮೆ ಬಾಯಿಬಿಟ್ಟವನಿಗೆ ಎರಡನೆಯ ಸಲ ಬಾಯಿಬಿಡುವುದು ಸುಲಭವೆಂಬ ಸೂಕ್ಷ್ಮವಾದ ಮನೋಜ್ಞಾನವು ಇದರಲ್ಲಿ ಅಡಗಿದೆ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿದಾಗ, ಸಾವುಗಳು ನೂರಕ್ಕೆ ೧.೫ರಿಂದ ೦.೮ಕ್ಕೂ, ತೊಡಕುಗಳು ೧೧ರಿಂದ ೭ಕ್ಕೂ ಇಳಿದುವೆಂದು ೨೦೦೯ರಲ್ಲಿ ವರದಿಯಾಯಿತು. ಕೆನಡದ ಒಂಟೇರಿಯೋ ಪ್ರಾಂತದಲ್ಲಿ ಸರಕಾರವು ೨೦೧೦ರಲ್ಲಿ ಅದನ್ನೇ ಎಲ್ಲ ಆಸ್ಪತ್ರೆಗಳಿಗೂ ಜಾರಿಮಾಡಿತು. ಅಲ್ಲಿನ ೧೦೧ ಆಸ್ಪತ್ರೆಗಳ ಲೆಕ್ಕವು ೨೦೧೪ರಲ್ಲಿ ಹೊರಬಂದಾಗ ಸಾವುಗಳ ಪ್ರಮಾಣವು ೦.೭೧ರಿಂದ ೦.೬೫ಕ್ಕೆ ಮಾತ್ರ ಇಳಿದಿತ್ತು. ಗಣಿತದ ದೃಷ್ಟಿಯಿಂದ ಅದು ವ್ಯತ್ಯಾಸವೇ ಅಲ್ಲ. ಪಟ್ಟಿಯನ್ನು ತಾವು ಪೂರ್ತಿಯಾಗಿ ಪಾಲಿಸುತ್ತಿರುವುದಾಗಿ ಆ ಆಸ್ಪತ್ರೆಗಳು ಬರೆದುಕೊಟ್ಟಿದ್ದವು.

ಇದರಿಂದ ಆಕೃತಿಗಳೆಲ್ಲ ವ್ಯರ್ಥವೆಂದು ಹಲವರು ವಾದಿಸಿದರು. ಸಾವುಗಳು ಮೊದಲೇ ಕಡಮೆಯಾಗಿದ್ದ ದೇಶದಲ್ಲಿ ಮತ್ತೆ ಇಳಿಯುವುದಕ್ಕೆ ಎಡೆಯಿರಲಿಲ್ಲವೆಂದೂ, ಅಳೆದ ಕಾಲವು ಅಲ್ಪವಾಯಿತೆಂದೂ ಇತರರು ಸಮಾಧಾನ ಹೇಳಿದರು. ಈ ಸಮಾಧಾನಗಳಲ್ಲಿ ಹುರುಳಿದೆ. ಆದರೂ ವಾಕ್ಯವನ್ನು ಬಲ್ಲವರಿಗೆ ಬೇರೊಂದು ಕಾರಣವೂ ತೋರುತ್ತದೆ. ಉಚ್ಚರಿಸಿದ ಮಾತ್ರದಿಂದ ಫಲವು ಬರುವುದು ಮಂತ್ರಕ್ಕೆ. ವಾಕ್ಯಕ್ಕೆ ವಕ್ತೃವಿನ ತಾತ್ಪರ್ಯವು ಬೇಕು, ಆ ತಾತ್ಪರ್ಯವನ್ನು ಆಡುವ ಅಧಿಕಾರವೂ ಬೇಕು. ಮೇಲಿನಿಂದ ಆಜ್ಞೆಯಾಗಿ ಇಳಿದುಬಂದ ಪಟ್ಟಿಯಲ್ಲಿ ಕೆಳಗಿನವರು ಗುರುತುಹಾಕಿದರೆ, ಮಾತು ಮತ್ತೆ ಹಳೆಯ ದಿಕ್ಕಿನಲ್ಲಿಯೇ ಹರಿದಂತಾಯಿತು. ಶಸ್ತ್ರವೈದ್ಯನು ಕೈತೊಳೆಯುತ್ತಿರುವಾಗಲೇ ಯಾರೋ ಒಬ್ಬರು ಎಲ್ಲ ಪ್ರಶ್ನೆಗಳಿಗೂ ತಾವೇ ‘ಹೌದು’ ಎಂದು ಬರೆದು ಮುಗಿಸುವ ಕೊಠಡಿಯಲ್ಲಿ ೧೯ ಅಂಶಗಳಿದ್ದರೇನು, ೯೦ ಇದ್ದರೇನು? ಎಸ್‌ಬಾರಿನ ಬಗೆಗೆ ೨೦೧೮ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಅದರಿಂದ ರೋಗಿಗಳ ಕ್ಷೇಮವು ಹೆಚ್ಚಿತೆನ್ನುವುದಕ್ಕೆ ಮಧ್ಯಮ ಬಲದ ಆಧಾರವಿದೆಯೆಂದೂ, ವಿಶೇಷವಾಗಿ ದೂರವಾಣಿಯ ಮಾತಿನಲ್ಲಿ ಅದರ ಗುಣವು ಕಾಣುತ್ತದೆಂದೂ ಹೇಳಿತು. ದೂರವಾಣಿಯಲ್ಲಿ 'ಅತಿಯಾಗಿ ಗಾಬರಿಯಾದೆ' ಎನ್ನುವ ನೋಟವು ಕಾಣುವುದಿಲ್ಲವೆಂಬುದು ಇದಕ್ಕೆ ಒಂದು ಕಾರಣವಾಗಿರಲಾರದೆ?

ಗೊತ್ತಾದ ಆಕೃತಿಯು ರೋಗಿಯ ಕಥೆಯನ್ನು ಕತ್ತರಿಸಿ ನಾಲ್ಕು ತುಂಡುಮಾಡುತ್ತದೆಂಬ ಆಕ್ಷೇಪವೂ ಇದೆ. ಕಥೆಯನ್ನು ಕೇಳಿ ರೋಗವನ್ನು ಊಹಿಸುವ ಹಿರಿಯ ವೈದ್ಯನಿಗೆ ಇದು ರುಚಿಸುವುದಿಲ್ಲ. ಆಕ್ಷೇಪವು ನ್ಯಾಯವಾದುದೇ, ಆದರೆ ಕಥೆಯನ್ನು ಕೇಳುವ ಬಿಡುವಿದ್ದಾಗ ಆಕೃತಿಯನ್ನು ಬದಿಗಿಡಬಹುದು. ರಾತ್ರಿ ಎರಡು ಗಂಟೆಯ ಮಾತಿಗೆ ಅದು ಅನ್ವಯಿಸದು.

ನಮ್ಮ ದೇಶದ ಹಲವು ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಕ್ರಮಗಳು ಬಳಕೆಗೆ ಬಂದಿವೆ. ಆದರೆ ಕಾಗದವು ಇಂಗ್ಲಿಷಿನದು, ಹಾಸಿಗೆಯ ಬಳಿಯ ಮಾತು ಬಹುವೇಳೆ ಕನ್ನಡದ್ದು. ಆಕೃತಿಯನ್ನು ಕನ್ನಡಕ್ಕೆ ತರುವವರು ನಾಲ್ಕನೆಯ ಅಂಗಕ್ಕೆ ‘ಸೂಚನೆ’ ಎಂಬ ಹೆಸರನ್ನು ಇಡುವ ಸಂಭವವುಂಟು. ಇದು ಅಪಾಯಕರವಾದ ಶಬ್ದ. ಮೇಲಧಿಕಾರಿಯ ಸೂಚನೆಯೆಂದರೆ ಆಜ್ಞೆ; ಕೆಳಗಿನವನ ಸೂಚನೆಯೆಂದರೆ ಇಂಗಿತ, ಎಂದರೆ ನಾವು ಯಾವುದನ್ನು ದೋಷವೆಂದೆವೋ ಅದೇ ವ್ಯಂಗ್ಯ. ‘ಸಲಹೆ’ ಎಂದರೆ, ಒಪ್ಪುವುದೂ ಬಿಡುವುದೂ ಕೇಳುವವನ ಇಷ್ಟವೆಂಬ ಅರ್ಥವು ಅದಕ್ಕೆ ಅಂಟಿಕೊಂಡಿದೆ. ‘ಆಗಬೇಕಾದದ್ದು’ ಎಂಬುದೇ ಸಾಧುವೆಂದು ತೋರುತ್ತದೆ. ಕೆಳಗಿನವರು ಮೇಲಿನವರಿಗೆ ವಿಧಿಸುವುದು ಕನ್ನಡದ ಮರ್ಯಾದೆಗೆ ಒಗ್ಗದೆಂಬ ಮಾತನ್ನು ಒಪ್ಪಬೇಕಾಗಿಲ್ಲ. ‘ತಾವು ದಯಮಾಡಿಸಬೇಕು’, ‘ಅಪ್ಪಣೆಯಾಗಬೇಕು’, ‘ಮನ್ನಿಸಬೇಕು’ ಎಂದು ಅರಮನೆಗಳಲ್ಲಿಯೂ ಮಠಗಳಲ್ಲಿಯೂ ಹಿರಿಯರಿಗೆ ಬಿನ್ನವಿಸಿದವರೆಲ್ಲರೂ ಬಳಸಿದ್ದು ಇದೇ ‘ಬೇಕು’ ಎಂಬ ವಿಧಿರೂಪವನ್ನು. ವಿನಯವನ್ನೂ ವಿಧಿಯನ್ನೂ ಒಂದೇ ಪದದಲ್ಲಿ ಹಿಡಿದಿಡುವ ಈ ಸೌಕರ್ಯವು ನಮ್ಮ ಭಾಷೆಯಲ್ಲಿ ಬಹುಕಾಲದಿಂದ ಇದೆ. ಅದರಲ್ಲಿ ಕರ್ತೃವನ್ನೂ ಕಾಲವನ್ನೂ ಬಿಡದಂತೆ ಮಾತ್ರ ಎಚ್ಚರವಹಿಸಬೇಕು. ‘ರೋಗಿಯನ್ನು ನೋಡಬೇಕಾಗಿದೆ’ ಎಂದರೆ ಯಾರು ನೋಡಬೇಕೆಂಬುದು ಉಳಿದುಹೋಗುತ್ತದೆ. ‘ತಾವು ಈಗಲೇ ಬಂದು ನೋಡಬೇಕು’ ಎಂಬುದರಲ್ಲಿ ಏನೂ ಉಳಿಯುವುದಿಲ್ಲ. ಇವೆರಡರ ನಡುವೆ ನಮ್ಮ ಜನರು ಅತ್ಯಂತ ಮರ್ಯಾದೆಯದೆಂದು ಎಣಿಸಿ ಆಡುವ ರೂಪ ಇನ್ನೊಂದಿದೆ: ‘ತಾವು ಒಂದು ಸಲ ಬರಬೇಕಾಗಿತ್ತು.’ ಭೂತಕಾಲದ ಪ್ರತ್ಯಯದಿಂದ ಬೇಡಿಕೆಯನ್ನು ಮೆದುಮಾಡುವ ಈ ರೂಪವನ್ನು ಆಸ್ಪತ್ರೆಯ ಕಾಗದದಿಂದ ಹೊರಗಿಡುವುದು ಲೇಸು. ರಾತ್ರಿಯಲ್ಲಿ ಕರೆಯಾಗಿ ಆಡಿದ ಈ ವಾಕ್ಯವು ಒಂದಕ್ಷರವೂ ಬದಲಾಗದೆ ಬೆಳಗ್ಗೆ ದೂರಾಗಿ ಕೇಳಿಸುತ್ತದೆ.